ಆಫ್ರಿಕಾದಿಂದ ಬಂದವಳು

ಹೈದರಾಬಾದಿನ ಗಚ್ಚಿಬೌಲಿಯ ಒಳಾಂಗಣ ಕ್ರೀಡಾಂಗಣಕ್ಕೆ ನಾವು ಹೋದದ್ದು ಒಂದು ಭಾನುವಾರ ಮಧ್ಯಾಹ್ನ. ಗಂಡ ಬೈಕು ಓಡಿಸುತ್ತಿದ್ದ. ನಾನು ಬಾಕ್ಸಿಂಗ್ ಗ್ಲೌಸಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತಿದ್ದೆ. ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸ್ ಬಿಡುವಾಗ ಇದ್ದ ಹುರುಪು ದಾರಿಯ ಟ್ರಾಫಿಕ್ಕಿನಲ್ಲೇ ಅರ್ಧ ಸೋರಿಹೋಗಿತ್ತು. ಕ್ರೀಡಾಂಗಣದ ಗೇಟಿಗೆ ಕಟ್ಟಿದ್ದ ದೊಡ್ಡ ಬ್ಯಾನರ್ ಕಂಡಾಗ ಅದು ಮರಳಿ ಬಂತು. ಬ್ಯಾನರಿನಲ್ಲಿ ನನ್ನ ಎದುರಾಳಿ ಒಬ್ಬಳೇ ಇದ್ದಳು. ಹೆಗಲ ಮೇಲೆ ತ್ರಿವರ್ಣ ಧ್ವಜ ಹೊದ್ದು ನಗುತ್ತಿದ್ದಳು. ಕೆಳಗೆ "ಭಾರತದ ಮಗಳು ಮನೆಗೆ ಬಂದಳು" ಎಂದು ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಬರೆದಿತ್ತು.

"ನಿನ್ನ ಫೋಟೋ ಎಲ್ಲೈತಿ?" ಎಂದ ಗಂಡ.

"ಒಳಗ ಇರಬೇಕು," ಎಂದೆ.

ನನಗೆ ಬೇಸರವೇನೂ ಆಗಲಿಲ್ಲ. ಅವಳು ಹೆಸರುವಾಸಿ. ಅಪ್ಪ ಅಮ್ಮ ಹೈದರಾಬಾದಿನವರು, ಇಂಗ್ಲೆಂಡಿಗೆ ಹೋಗಿ ನೆಲೆಸಿದವರು. ಅವಳು ಹುಟ್ಟಿದ್ದು, ಓದಿದ್ದು, ಬಾಕ್ಸಿಂಗ್ ಕಲಿತದ್ದು ಎಲ್ಲ ಅಲ್ಲೇ. ಅವಳ ಪಂದ್ಯಗಳನ್ನು ನಾನು ಮೊಬೈಲಿನಲ್ಲಿ ಎಷ್ಟೋ ಸಲ ನೋಡಿದ್ದೆ. ಅವಳ ತೂಕವೂ ನನ್ನ ತೂಕವೂ ಒಂದೇ. ಐಟಿ ಕಂಪನಿಗಳ ಮಂದಿಗಾಗಿ ಏರ್ಪಡಿಸಿದ್ದ ಪ್ರದರ್ಶನದಲ್ಲಿ ಅವಳ ಎದುರು ಆಡಲು ನನ್ನ ಕೋಚ್ ನನ್ನ ಹೆಸರು ಕೊಟ್ಟಿದ್ದಾರೆಂದು ಗೊತ್ತಾದಾಗ ಎರಡು ರಾತ್ರಿ ನಿದ್ದೆ ಬಂದಿರಲಿಲ್ಲ.

ನಾನು ಯಾರೆಂದು ಇಲ್ಲೇ ಹೇಳಿಬಿಡುತ್ತೇನೆ. ನಾನು ಸಿದ್ದಿ. ಹಳಿಯಾಳ ತಾಲ್ಲೂಕಿನ ಕಾಡಂಚಿನ ಒಂದು ಊರು ನನ್ನದು. ನಮ್ಮ ಹಿರಿಯರನ್ನು ನೂರಾರು ವರ್ಷಗಳ ಹಿಂದೆ ಹಡಗಿನಲ್ಲಿ ತುಂಬಿಕೊಂಡು ಬಂದು ಗೋವೆಯಲ್ಲಿ ಮಾರಿದರಂತೆ. ತಪ್ಪಿಸಿಕೊಂಡವರು ಘಟ್ಟ ಹತ್ತಿ ಕಾಡು ಸೇರಿದರಂತೆ. ಈ 'ಅಂತೆ'ಯ ಆಚೆಗೆ ನಮ್ಮವರಿಗೇ ಹೆಚ್ಚು ಗೊತ್ತಿಲ್ಲ. ಮನೆಯಲ್ಲಿ ನಮ್ಮದೇ ಬಗೆಯ ಕೊಂಕಣಿ, ಶಾಲೆಯಲ್ಲಿ ಕನ್ನಡ. ಶಾಲೆಯಲ್ಲಿದ್ದಾಗಲೇ ಓಟ ನೋಡಿ ನನ್ನನ್ನು ಕ್ರೀಡಾ ಹಾಸ್ಟೆಲಿಗೆ ಆರಿಸಿದರು. ಅಲ್ಲಿ ಗ್ಲೌಸ್ ಹಾಕಿದೆ. ಆ ಗ್ಲೌಸಿನಿಂದಲೇ ಸಿಕಂದರಾಬಾದಿನಲ್ಲಿ ರೈಲ್ವೆ ಕೆಲಸ ಸಿಕ್ಕಿತು. ಕಲಬುರಗಿ ಕಡೆಯ ಒಬ್ಬ ಫಿಟ್ಟರ್ ನನ್ನನ್ನು ಮದುವೆಯಾದ.

ಹೈದರಾಬಾದಿನಲ್ಲಿ ನನ್ನ ಬಣ್ಣ, ಕೂದಲು ನೋಡಿ ಯಾವ ದೇಶ ಎಂದು ಕೇಳುವುದು ಹೊಸದಲ್ಲ. ಓದಲು ಬಂದ ಆಫ್ರಿಕಾದ ಹುಡುಗ ಹುಡುಗಿಯರು ಈ ಊರಿನಲ್ಲಿ ಬಹಳ. ನಿಜಾಮರ ಕಾಲದಿಂದ ಇಲ್ಲೇ ಇರುವ ಸಿದ್ದಿ ಮನೆತನಗಳೂ ಇವೆ. ಅವರಿಗೂ ಈ ಪ್ರಶ್ನೆ ತಪ್ಪಿಲ್ಲ. ಆಟೋದವರು ನನ್ನೊಡನೆ ಇಂಗ್ಲಿಷಿನಲ್ಲಿ ಶುರು ಮಾಡುತ್ತಾರೆ. ನಾನು ತೆಲುಗಿನಲ್ಲಿ ಚೌಕಾಸಿಗಿಳಿದರೆ ಬಾಯಿ ಬಿಟ್ಟು ನೋಡುತ್ತಾರೆ. ಇದನ್ನೆಲ್ಲ ಮನೆಗೆ ಬಂದು ಗಂಡನಿಗೆ ಹೇಳಿ ನಕ್ಕದ್ದೂ ಇದೆ. ಆದರೆ ಬಾಕ್ಸಿಂಗಿನಲ್ಲಿ ಈ ಪ್ರಶ್ನೆ ಯಾವತ್ತೂ ಬಂದಿರಲಿಲ್ಲ. ಅಲ್ಲಿ ನನ್ನ ಹೆಸರು ಕರೆಯುತ್ತಿದ್ದರು, ಹೆಸರಿನ ಹಿಂದೆ ರೈಲ್ವೆ ಎನ್ನುತ್ತಿದ್ದರು, ಗಂಟೆ ಬಾರಿಸುತ್ತಿದ್ದರು. ಅದಕ್ಕೇ ನಾನು ಯಾವ ಸಿದ್ಧತೆಯೂ ಇಲ್ಲದೆ ಸಿಕ್ಕಿಬಿದ್ದೆ.

ಕೋಚ್ ಡ್ರೆಸಿಂಗ್ ರೂಮಿನಲ್ಲಿ ಕಾಯುತ್ತಿದ್ದರು. ರಾಯಚೂರಿನವರು. ಒಂದು ಕಾಲಕ್ಕೆ ರೈಲ್ವೆಯ ಒಳ್ಳೆಯ ಬಾಕ್ಸರ್. ಈ ಊರಿಗೆ ಬಂದಾಗ ಭಾಷೆ ಬಾರದೆ, ಊಟ ಸೇರದೆ ಅಳುತ್ತಿದ್ದ ನನ್ನನ್ನು ತಮ್ಮ ಮನೆಗೆ ಕರೆದೊಯ್ದು ಜೋಳದ ರೊಟ್ಟಿ ಹಾಕಿಸಿದವರು. ಅಪ್ಪ ಇಲ್ಲದ ನನಗೆ ಮದುವೆಯಲ್ಲಿ ಧಾರೆ ಎರೆದುಕೊಟ್ಟವರೂ ಅವರೇ. ಅವತ್ತು ಕೈಗೆ ಪಟ್ಟಿ ಸುತ್ತುವಾಗ ಅವರು ಮಾತೇ ಆಡಲಿಲ್ಲ. ಅವರಿಗೂ ಅಳುಕಿರಬೇಕು ಎಂದುಕೊಂಡೆ.

"ಮೊದಲ ನಿನ್ನ ಕರೀತಾರ," ಎಂದರು. "ಡೋಲು ಬಡೀತಾರ, ಲೈಟ್ ಆರಸ್ತಾರ. ಯಾವುದಕ್ಕೂ ಗಾಬರಿ ಆಗಬ್ಯಾಡ. ಸೀದಾ ನಡಕೊಂಡು ಹೋಗು."

ಲೈಟು ಆರಿತು. ಡೋಲು ಮೊಳಗಿತು. ಈ ಕಡೆಯ ಡೋಲಲ್ಲ, ಯಾವುದೋ ಸಿನಿಮಾದ ಕಾಡುಜನರಿಗೆ ಬಡಿಯುವಂಥದ್ದು. ಬಾಗಿಲಿನಲ್ಲಿ ನಿಂತ ನನ್ನ ಮುಖಕ್ಕೆ ಬೆಳಕು ಬಿತ್ತು. ಮೈಕು ಹಿಡಿದಿದ್ದ ನಿರೂಪಕ ಇಂಗ್ಲಿಷಿನಲ್ಲಿ, ಒಂದೊಂದು ಪದವನ್ನೂ ಎಳೆದು, "ಆಫ್ರಿಕಾದಿಂದ ಬಂದಿರುವ ಸವಾಲು" ಎಂದ. ಆಮೇಲೆ ನನ್ನ ಹೆಸರು ಹೇಳಿದ. ಅದೂ ಅರ್ಧ. ಸಿದ್ದಿ ಎಂಬುದನ್ನು ಬಿಟ್ಟು.

ನಾನು ಬೇರೆ ಯಾರೋ ಇರಬೇಕೆಂದು ಹಿಂದೆ ತಿರುಗಿ ನೋಡಿದೆ. ನಿಜವಾಗಿ ನೋಡಿದೆ. ಹಿಂದೆ ಕೋಚ್ ಒಬ್ಬರೇ ನೀರಿನ ಬಾಟಲಿ, ಟವೆಲ್ ಹಿಡಿದು ನಿಂತಿದ್ದರು. ಮತ್ತೆ ಮುಂದೆ ನೋಡಿದರೆ ರಿಂಗಿನ ಮೇಲಿನ ಪರದೆಯಲ್ಲಿ ನನ್ನ ಮುಖ, ಪಕ್ಕದಲ್ಲಿ ಆಫ್ರಿಕಾ ಖಂಡದ ನಕಾಶೆ, ಅದರ ನಡುವೆ ಬಾಯಿ ತೆರೆದ ಒಂದು ಸಿಂಹದ ತಲೆ. ಯಾವ ದೇಶ ಎಂದು ಕೂಡ ಇರಲಿಲ್ಲ. ಜನ ಶಿಳ್ಳೆ ಹಾಕಿದರು. ನಾನು ಬಾಗಿಲಿನಲ್ಲೇ ನಿಂತುಬಿಟ್ಟೆ. ಕೋಚ್ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ತಳ್ಳಿದರು. ತಳ್ಳಿದ್ದರಿಂದ ನಡೆದೆ.

ರಿಂಗಿನ ಹಗ್ಗದ ನಡುವೆ ನುಸುಳಿದ್ದು, ನನ್ನ ಮೂಲೆಯಲ್ಲಿ ನಿಂತದ್ದು ನೆನಪಿಲ್ಲ. ಅವಳ ಹೆಸರು ಕರೆದದ್ದು ನೆನಪಿದೆ. ದೇಶಭಕ್ತಿಯ ಹಾಡು, ಎಲ್ಲ ಕಡೆ ಬಾವುಟ. ಅವಳ ಚಡ್ಡಿಯ ಒಂದು ಮಗ್ಗುಲಿಗೆ ಇಂಗ್ಲೆಂಡಿನ ಬಾವುಟ, ಇನ್ನೊಂದು ಮಗ್ಗುಲಿಗೆ ನಮ್ಮದು. ಹಾಗೆ ಎರಡು ಬಾವುಟ ಹೊಲಿಸಿಕೊಳ್ಳುವ ಬಾಕ್ಸರುಗಳು ಬಹಳ. ಪ್ರಪಂಚದ ದೊಡ್ಡ ದೊಡ್ಡ ಹೆಸರುಗಳಲ್ಲಿ ಎಷ್ಟೋ ಮಂದಿ ಬೇರೆ ದೇಶಕ್ಕೆ ವಲಸೆ ಹೋದವರ ಮಕ್ಕಳೇ. ಅವರನ್ನು ಟಿವಿಯಲ್ಲಿ ನೋಡುವಾಗ ನನಗೆ ಒಂದು ಬಗೆಯ ಅಸೂಯೆಯಾಗುತ್ತಿತ್ತು, ಅವರಿಗೆ ಹಿರಿಯರು ಬಿಟ್ಟು ಬಂದ ಊರಿನ ಹೆಸರಾದರೂ ಗೊತ್ತಿದೆಯಲ್ಲ ಎಂದು.

ಗಂಟೆ ಬಾರಿಸಿದರು. ಮೊದಲ ರೌಂಡು ಪೂರ್ತಿ ನಾನು ಹೊಡೆತ ತಿಂದೆ. ಅವಳ ಜ್ಯಾಬ್, ಎಡಗೈಯ ನೇರ ಗುದ್ದು, ಬರುವುದು ಕಾಣುತ್ತಿತ್ತು, ತಡೆಯಲು ಕೈ ಏಳುತ್ತಿರಲಿಲ್ಲ. ನೋವೂ ಆಗುತ್ತಿರಲಿಲ್ಲ. ಮೂಲೆಗೆ ಬಂದು ಸ್ಟೂಲಿನ ಮೇಲೆ ಕೂತೆ.

"ಸರ್, ಮೈಕಿನ್ಯಾಗ ಏನಂದ್ರು ಕೇಳಿದ್ರೇನ್ರಿ?"

"ನೀರು ಕುಡಿ."

"ನಿಮಗ ಮೊದಲ ಗೊತ್ತಿತ್ತೇನ್ರಿ?"

ಅವರು ನನ್ನ ಹುಬ್ಬಿಗೆ ವ್ಯಾಸಲೀನ್ ಸವರಿದರು. ಕಣ್ಣಿಗೆ ಕಣ್ಣು ಕೊಡಲಿಲ್ಲ. "ಆಕಿ ಜ್ಯಾಬ್ ಹೊಡೆದ ಮ್ಯಾಲೆ ಎಡಗೈ ಕೆಳಗ ಬಿಡಾಕತ್ತಾಳ," ಎಂದರು. "ಅಲ್ಲಿ ನುಗ್ಗು."

ಪರದೆಯ ಸಿಂಹಕ್ಕಿಂತ ದೊಡ್ಡ ಪೆಟ್ಟು ಅದು. ಅವರಿಗೆ ಗೊತ್ತಿತ್ತು. ಕೈಪಟ್ಟಿ ಸುತ್ತುವಾಗ ಗೊತ್ತಿತ್ತು. ನಾನು ನಿದ್ದೆಗೆಟ್ಟು ಅಭ್ಯಾಸ ಮಾಡುತ್ತಿದ್ದ ದಿನಗಳಲ್ಲೂ ಗೊತ್ತಿತ್ತು.

ಎರಡನೆಯ ರೌಂಡಿನಿಂದ ಆಡಿದವಳು ನಾನಲ್ಲ, ನನ್ನ ಮೈ. ವರ್ಷಗಟ್ಟಲೆ ಅದೇ ಮನುಷ್ಯ ಕಲಿಸಿದ್ದನ್ನು ಮೈ ತಾನಾಗಿ ಮಾಡಿತು. ಅವಳ ಎಡಗೈ ಇಳಿದಾಗಲೆಲ್ಲ ನನ್ನ ಬಲಗೈ ಹೋಯಿತು. ಮೂರನೆಯ ರೌಂಡಿನ ಕೊನೆಗೆ ಅವಳ ಮೂಗಿನಲ್ಲಿ ರಕ್ತವಿತ್ತು. ರೆಫರಿ ನಮ್ಮಿಬ್ಬರ ಕೈ ಹಿಡಿದು ನಡುವೆ ನಿಂತರು. ನಿರೂಪಕ ತೀರ್ಪಿನ ಚೀಟಿ ನೋಡಿ ಸ್ವಲ್ಪ ತಡೆದ. ಆಮೇಲೆ ಗೆದ್ದದ್ದು ಆಫ್ರಿಕಾ ಎಂದ.

ರೆಫರಿ ನನ್ನ ಕೈ ಎತ್ತಿದರು. ಅಷ್ಟು ಹೊತ್ತು ಕಿವಿ ಕಿವುಡಾಗುವಂತೆ ಕೂಗುತ್ತಿದ್ದ ಸಭೆ ತೆಪ್ಪಗಾಯಿತು. ಎಲ್ಲೋ ಒಬ್ಬ ಹಿಂದಿಯಲ್ಲಿ, ಇವಳನ್ನು ವಾಪಸ್ ಕಳಿಸಿ ಎಂದು ಕೂಗಿದ. ಕೆಲವರು ನಕ್ಕರು. ಮೇಲಿನ ಸಾಲಿನಲ್ಲಿ ನನ್ನ ಗಂಡ ಒಬ್ಬನೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ.

ನಾನು ಕೈ ಬಿಡಿಸಿಕೊಂಡು ನಿರೂಪಕನ ಹತ್ತಿರ ಹೋಗಿ ಮೈಕು ಕೇಳಿದೆ. ಅವನಿಗೆ ಕೊಡುವ ಮನಸ್ಸಿರಲಿಲ್ಲ. ನನ್ನ ಎದುರಾಳಿಯೇ ಬಂದು ಅವನ ಕೈಯಿಂದ ಮೈಕು ತೆಗೆದು ನನ್ನ ಬಾಯಿಗೆ ಹಿಡಿದಳು. ಅವಳು ಗ್ಲೌಸ್ ಬಿಚ್ಚಿದ್ದಳು, ನನಗೆ ಗ್ಲೌಸಿನಲ್ಲಿ ಮೈಕು ಹಿಡಿಯಲಾಗುತ್ತಿರಲಿಲ್ಲ. ನಾನು ಹಿಂದಿಯಲ್ಲಿ ಹೇಳಿದೆ: ನಾನು ಆಫ್ರಿಕಾದವಳಲ್ಲ, ಈ ದೇಶದವಳು, ಕರ್ನಾಟಕದ ಸಿದ್ದಿ, ಸಿಕಂದರಾಬಾದಿನಲ್ಲಿ ರೈಲ್ವೆ ಕೆಲಸ. ತೆಲುಗಿನಲ್ಲೂ ಅದನ್ನೇ ಹೇಳಿದೆ. ಕೊನೆಗೆ ಯಾರಿಗೆ ತಿಳಿಯಲಿ ಬಿಡಲಿ ಎಂದು ಕನ್ನಡದಲ್ಲೂ ಹೇಳಿದೆ.

ಆಮೇಲೆ ಇಡೀ ಸಭೆ ಚಪ್ಪಾಳೆ ಹೊಡೆಯಿತು. ತಿಳಿಯಿತಲ್ಲ ಎಂದು ನಾನು ಉಸಿರು ಬಿಟ್ಟೆ. ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆ ಉಟ್ಟ ಹೆಂಗಸೊಬ್ಬರು ಪಕ್ಕದವರ ಕಡೆ ವಾಲಿ, "ಎಂತ ಬಾಗಾ ಮಾಟ್ಲಾಡ್ತುಂದೋ ಚೂಡು," ಎಂದದ್ದು ಕೇಳಿಸಿತು. ಎಷ್ಟು ಚೆನ್ನಾಗಿ ಮಾತಾಡುತ್ತಾಳೆ ನೋಡು ಎಂದು. ನಿರೂಪಕ ಮೈಕು ವಾಪಸ್ ತೆಗೆದುಕೊಂಡು, ನಮ್ಮ ಅತಿಥಿ ನಮ್ಮ ಭಾಷೆಗಳನ್ನು ಎಷ್ಟು ಪ್ರೀತಿಯಿಂದ ಕಲಿತಿದ್ದಾರೆ ಎಂದ. ಚಪ್ಪಾಳೆ ಇನ್ನೂ ಜೋರಾಯಿತು.

ನಾನು ಹೇಳಿದ್ದನ್ನು ಅವರು ಕೇಳಿದ್ದರು, ಆದರೆ ನಂಬುವ ಪ್ರಶ್ನೆಯೇ ಅವರಿಗೆ ಬಂದಿರಲಿಲ್ಲ. ಅದು ಕೂಡ ಆಟದ ಒಂದು ಭಾಗ ಎಂದುಕೊಂಡಿದ್ದರು. ಅಷ್ಟು ಮಂದಿಯ ಎದುರು ನಿಂತು ಮೂರು ಭಾಷೆಯಲ್ಲಿ ನಾನು ಯಾರೆಂದು ಹೇಳಿದ ಮೇಲೆ ಇನ್ನು ಹೇಳುವುದಕ್ಕೆ ನನ್ನಲ್ಲಿ ಏನೂ ಉಳಿದಿರಲಿಲ್ಲ. ರಿಂಗಿನಿಂದ ಇಳಿಯುವಾಗ ಕೋಚ್ ಟವೆಲ್ ಚಾಚಿದರು. ತೆಗೆದುಕೊಳ್ಳದೆ ಒಳಗೆ ಹೋದೆ.

ಡ್ರೆಸಿಂಗ್ ರೂಮಿಗೆ ಅವಳು ಬಂದಳು. ಮೂಗಿನಲ್ಲಿ ಹತ್ತಿ ತುರುಕಿಕೊಂಡಿದ್ದಳು. ಅವಳ ತೆಲುಗು ಹಳೆಯ ಕಾಲದ ಮನೆಮಾತು, ಅಜ್ಜಿಯಂದಿರು ಆಡುವಂಥದ್ದು. ನಡುನಡುವೆ ಇಂಗ್ಲಿಷ್.

"ಅಕ್ಕಾ, ನೀವು ಮೈಕಿನಲ್ಲಿ ಹೇಳಿದ್ದು ನಿಜವಾ?" ಎಂದಳು.

"ನಿಜ."

ಅವಳು ಬೆಂಚಿನ ಮೇಲೆ ಕುಸಿದು ಕೂತಳು. "ನನಗೆ ನೀವು ಇಲ್ಲಿ ಓದಲು ಬಂದವರು ಅಂತ ಹೇಳಿದರು. ಯಾವ ದೇಶ ಅಂತ ಕೇಳಿದೆ. ಆಮೇಲೆ ತಿಳಿಸ್ತೀವಿ ಅಂದರು."

ಮೂಗಿನ ಹತ್ತಿ ಸರಿಮಾಡಿಕೊಂಡು ಅವಳೇ ಮುಂದುವರಿಸಿದಳು. "ನಾನು ಈ ಊರಿಗೆ ಬಂದದ್ದು ವೀಸಾ ತಗೊಂಡು. ವಿಮಾನ ನಿಲ್ದಾಣದಲ್ಲಿ ವಿದೇಶಿಯರ ಸಾಲಿನಲ್ಲಿ ನಿಂತಿದ್ದೆ. ಹೊರಗೆ ಬಂದರೆ ಹಾರ ಹಾಕಿ ಭಾರತದ ಮಗಳು ಅಂದರು. ನನಗೂ ಖುಷಿಯಾಯಿತು, ಸುಳ್ಳು ಹೇಳಲ್ಲ. ಇಂಗ್ಲೆಂಡಿನಲ್ಲಿ ಗೆದ್ದ ದಿನ ನಾನು ಅಲ್ಲಿಯವರ ಹುಡುಗಿ. ಸೋತ ದಿನ, ನಿನ್ನ ಅಪ್ಪ ಬಂದ ದೇಶಕ್ಕೆ ಹೋಗು ಅಂತ ಬರೀತಾರೆ. ನನ್ನ ಜೊತೆ ಆಡುವವರಲ್ಲಿ ಎಷ್ಟೋ ಮಂದಿಗೆ ಹೀಗೇ. ಇಲ್ಲಿ ಹಾಗಾಗಲ್ಲ ಅಂದುಕೊಂಡಿದ್ದೆ."

"ನಿಮಗೆ ಆಗಲಿಲ್ಲವಲ್ಲ," ಎಂದೆ. ಸಿಟ್ಟಿನಿಂದ ಹೇಳಿದ್ದಲ್ಲ, ಆದರೂ ಅವಳ ಮುಖ ಸಣ್ಣದಾಯಿತು. ಹೋಗುವ ಮುಂಚೆ ನನ್ನ ಪೂರ್ತಿ ಹೆಸರು ಕೇಳಿಕೊಂಡು, ಎರಡು ಸಲ ಸರಿಯಾಗಿ ಹೇಳಿ ಹೋದಳು.

ಮನೆಗೆ ಹೋಗುವಾಗ ಗಂಡ ಬೈಕು ಮೆಲ್ಲಗೆ ಓಡಿಸಿದ. ವಾಪಸ್ ಕಳಿಸಿ ಎಂದು ಕೂಗಿದವನು ಅವನ ಪಕ್ಕದಲ್ಲೇ ಕೂತಿದ್ದನಂತೆ.

"ನೀ ಏನಂದಿ?"

"ಎಲ್ಲಿಗಿ ಕಳಸಬೇಕ್ರಿ, ಮಲ್ಕಾಜ್‌ಗಿರಿಗೇನು ಅಂದೆ. ಆಕಿ ನನ್ನ ಹೆಣ್ತಿ ಅಂದೆ. ಅಂವ ಎದ್ದು ಬ್ಯಾರೆ ಕುರ್ಚಿಗಿ ಹೋದ."

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಅವನ ಬೆನ್ನಿಗೆ ಹಣೆ ಹಚ್ಚಿ ಕೂತೆ.

ಮರುದಿನ ಬೆಳಿಗ್ಗೆ ಊರಿನಿಂದ ಅವ್ವನ ಫೋನು. ಪಂದ್ಯದ ತುಣುಕು ಯಾರದೋ ಮೊಬೈಲಿನಿಂದ ಯಾರದೋ ಮೊಬೈಲಿಗೆ ಹಾರಿ ನಮ್ಮೂರನ್ನೂ ಮುಟ್ಟಿತ್ತು. ಸಿಟ್ಟು ಬಂದಾಗ ಮಾತ್ರ ಅವ್ವ ನನ್ನ ಹತ್ತಿರ ಕನ್ನಡದಲ್ಲಿ ಮಾತಾಡುತ್ತಾಳೆ.

"ಆಫ್ರಿಕಾ ಅಂದ್ರಂತ ನಿನಗ?"

"ಹೌದವ್ವ."

"ನಾವು ಅಲ್ಲಿಗೆ ಹೋದ್ರ ನಮ್ಮ ಮಾತು ಯಾರಿಗೆ ತಿಳೀತೈತಿ? ಅಲ್ಲಿ ನಮಗ ಯಾರ ಮನಿ ಐತಿ?" ಮತ್ತೆ, "ಅವರನ್ನ ಇಲ್ಲಿಗೆ ಕರ್ಕೊಂಡ್ ಬಾ. ನಮ್ಮ ಹಿರೇರಿಗೆ ಎಡೆ ಇಡೋ ಜಾಗ ತೋರಸ್ತೀನಿ," ಎಂದಳು.

ಅವತ್ತು ಡ್ಯೂಟಿ ಮುಗಿಸಿ ನೇರವಾಗಿ ಕೋಚಿನ ಹತ್ತಿರ ಹೋದೆ. ರೈಲ್ವೆ ಮೈದಾನದ ಮೂಲೆಯಲ್ಲಿ ತಗಡಿನ ಶೆಡ್ಡಿದೆ, ನಾವೆಲ್ಲ ಅಭ್ಯಾಸ ಮಾಡುವುದು ಅಲ್ಲೇ. ಗೋಡೆಗೆ ಆನಿಸಿ ಹೊಸ ರಿಂಗಿನ ಕಂಬಗಳು, ಹಗ್ಗ, ಕ್ಯಾನ್ವಾಸು ಇನ್ನೂ ಬಿಚ್ಚದೆ ಇದ್ದವು. ನಾನು ಅದನ್ನು ನೋಡಿದ್ದನ್ನು ಅವರು ನೋಡಿದರು.

"ಇದಕ್ಕೇನ್ರಿ ಸರ್?"

"ಹಳೇದರ ಕ್ಯಾನ್ವಾಸ್ ಹರದು ಎಷ್ಟು ಹುಡುಗ್ಯಾರ ಕಾಲು ಉಳುಕ್ಯಾವ, ನಿನಗ ಗೊತ್ತೈತಿ," ಎಂದರು. "ರೈಲ್ವೆ ಹುಡುಗಿ ಅಂದ್ರ ಯಾರೂ ನೋಡಾಕ ಬರಂಗಿಲ್ಲ, ಆಫ್ರಿಕಾದಾಕಿ ಅನ್ನೂಣು ಅಂದ್ರು ಸಂಘಟಕರು. ಒಂದು ಸಂಜಿ ಮಾತಷ್ಟ, ಹೊಸ ರಿಂಗ್ ಕೊಡ್ತಾರ ಅಂತ ನಾ ಹೂಂ ಅಂದೆ. ನಿನಗ ಹೇಳಿದ್ರ ನೀ ಒಲ್ಲೆ ಅಂತಿದ್ದಿ."

"ಹೌದ್ರಿ, ಒಲ್ಲೆ ಅಂತಿದ್ದೆ."

ಅವರು ತಲೆ ತಗ್ಗಿಸಿದರು. ನನಗೆ ಅಳು ಬರಲಿಲ್ಲ, ಕೂಗಾಡಬೇಕೆಂದೂ ಅನಿಸಲಿಲ್ಲ. ಎದುರಿಗಿದ್ದವರು ಯಾರೋ ಗುರುತಿಲ್ಲದ ಮನುಷ್ಯ ಎನ್ನುವ ಹಾಗೆ ನೋಡುತ್ತ ನಿಂತಿದ್ದೆ. ನಾಳೆ ಸಂಘಟಕರ ಆಫೀಸಿಗೆ ಹೋಗಿ ಅವರು ನೆಟ್ಟಿನಲ್ಲಿ ಹಾಕಿರುವ ಪಂದ್ಯದ ವೀಡಿಯೊ ತೆಗೆಸಬೇಕು, ನೀವೂ ಬರಬೇಕು ಎಂದೆ. ಬರುತ್ತೇನೆ ಎಂದರು.

ಸಂಘಟಕರ ಆಫೀಸು ಬೇಗಂಪೇಟೆಯಲ್ಲಿ, ಗಾಜಿನ ಕಟ್ಟಡವೊಂದರಲ್ಲಿತ್ತು. ನಮ್ಮನ್ನು ಮಾತಾಡಿಸಿದವನು ಚಿಕ್ಕ ವಯಸ್ಸಿನ ಮ್ಯಾನೇಜರ್. ಬಹಳ ಮರ್ಯಾದಸ್ಥ. ಕುರ್ಚಿ ಎಳೆದು ಕೊಟ್ಟ, ಚಹಾ ತರಿಸಿದ, ನನ್ನ ಆಟವನ್ನು ಹೊಗಳಿದ. ಅವನು ದುಷ್ಟನಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ಮೇಡಂ, ಜನಕ್ಕೆ ಒಂದು ಕಥೆ ಬೇಕು," ಎಂದ ಹಿಂದಿಯಲ್ಲಿ. "ಮನೆಯ ಹುಡುಗಿ, ಹೊರಗಿನ ಹುಡುಗಿ. ನೀವು ಅದನ್ನು ಸ್ವಂತಕ್ಕೆ ತಗೋಬೇಡಿ."

"ಯಾವ ದೇಶ ಅಂತ ಯಾಕೆ ಹಾಕಲಿಲ್ಲ?" ಎಂದು ಕೇಳಿದೆ. ಅದು ಅವತ್ತಿನಿಂದ ನನ್ನ ತಲೆಯಲ್ಲಿ ಕೊರೆಯುತ್ತಿತ್ತು.

ಅವನು ಮುಚ್ಚುಮರೆ ಇಲ್ಲದೆ ಹೇಳಿದ. "ಯಾವುದಾದರೂ ದೇಶದ ಬಾವುಟ ಹಾಕಿದರೆ ಆ ದೇಶದವರು ಯಾರಾದರೂ ತಕರಾರು ತೆಗೀತಾರೆ ಅಂತ. ಸುಮ್ಮನೆ ತೊಂದರೆ ಯಾಕೆ."

ನನಗೆ ಮತ್ತೆ ಡೋಲು ಬಡಿದಾಗಿನ ಆ ಬಾಗಿಲಿನಲ್ಲಿ ನಿಂತ ಹಾಗಾಯಿತು. ಕೈಯಲ್ಲಿದ್ದ ಚಹಾದ ಕಪ್ಪನ್ನು ಮೇಜಿನ ಮೇಲಿಟ್ಟೆ. ನೋಡಿರದ ಊರಿನ, ಗುರುತಿಲ್ಲದ ಜನ ತಕರಾರು ತೆಗೆದಾರು ಎಂದು ಅವರು ಅಂಜಿದ್ದರು. ನಾನು ತೆಗೆದೇನು ಎಂದು ಒಬ್ಬರಿಗೂ ಹೊಳೆದಿರಲಿಲ್ಲ.

ಅಷ್ಟು ಹೊತ್ತು ಸುಮ್ಮನಿದ್ದ ಕೋಚ್ ಎದ್ದು ನಿಂತರು. ಆ ವೀಡಿಯೊ ತೆಗೆಯಿರಿ, ರಿಂಗನ್ನು ವಾಪಸ್ ತರಿಸಿಕೊಳ್ಳಿ ಎಂದರು. ಅವರ ಹಿಂದಿ ಯಾವಾಗಲೂ ಗಟ್ಟಿ, ಅವತ್ತು ತಡವರಿಸಿತು. ಮ್ಯಾನೇಜರ್ ನಕ್ಕು, ಅದು ಉಡುಗೊರೆ ಸರ್, ವಾಪಸ್ ತಗೊಳ್ಳೋದು ಹೇಗೆ ಎಂದ. ವೀಡಿಯೊ ವಿಷಯ ಮೇಲಿನವರಿಗೆ ಕೇಳಿ ಹೇಳುತ್ತೇನೆ ಎಂದ. ಲಿಫ್ಟಿನವರೆಗೂ ಬಂದು ಬೀಳ್ಕೊಟ್ಟ.

ಬೇಗಂಪೇಟೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ರೈಲಿಗೆ ಕಾಯುತ್ತ ಕೂತಾಗ ಕೋಚ್ ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಅವರು ಅತ್ತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

"ನಾ ನಿನ್ನ ಮಾರಿದಂಗಾತಲ್ಲ," ಎಂದರು.

ಆ ಮಾತು ನಮ್ಮ ಜನರಿಗೆ ಏನು ಎಂಬುದು ಅವರಿಗೆ ಹೊಳೆಯಿತೋ ಇಲ್ಲವೋ. ಹೊಳೆದಿರಲಿಕ್ಕಿಲ್ಲ. ಹೋಗಲಿ ಬಿಡ್ರಿ ಸರ್ ಎನ್ನಬೇಕಿತ್ತು. ರೈಲು ಬಂತು. ಹೆಂಗಸರ ಡಬ್ಬಿಗೆ ಹತ್ತಿಕೊಂಡೆ.

ವೀಡಿಯೊ ಇನ್ನೂ ಇದೆ. ಮೇಲಿನವರು ಏನು ಹೇಳಿದರೋ ತಿಳಿಯಲಿಲ್ಲ. ಇಂಗ್ಲೆಂಡಿನ ಹುಡುಗಿ ತನ್ನ ಪುಟದಲ್ಲಿ ನನ್ನ ಪೂರ್ತಿ ಹೆಸರು, ಊರು ಬರೆದು, ಇವಳು ಭಾರತದವಳು, ನನ್ನನ್ನು ಸೋಲಿಸಿದವಳು ಎಂದು ಹಾಕಿದಳು. ಅದರ ಕೆಳಗೆ ಯಾರೋ, ಹಾಗಾದರೆ ಆಧಾರ್ ತೋರಿಸಲಿ ಎಂದು ಬರೆದರು. ಅದನ್ನು ಓದಿ ಫೋನು ಕೆಳಗಿಟ್ಟೆ. ಗಂಡ ಕೇಳಿದ್ದಕ್ಕೆ ಏನಿಲ್ಲ ಎಂದೆ.

ಒಂದು ತಿಂಗಳು ನಾನು ಶೆಡ್ಡಿಗೆ ಹೋಗಲಿಲ್ಲ. ಆಮೇಲೆ ಹೋದೆ, ಆಟ ಬಿಟ್ಟು ಇರಲಾಗಲಿಲ್ಲ. ರಿಂಗನ್ನು ಒಯ್ಯಲು ಯಾರೂ ಬರಲಿಲ್ಲ. ಕೋಚ್ ಅದನ್ನು ಬಿಚ್ಚಿರಲೂ ಇಲ್ಲ. ಹುಡುಗಿಯರು ಹರಿದ ಕ್ಯಾನ್ವಾಸಿನ ಮೇಲೇ ಆಡುತ್ತಿದ್ದರು. ಒಂದು ಸಂಜೆ ನಾನೇ ಕಂಬ ನಿಲ್ಲಿಸಲು ಶುರು ಮಾಡಿದೆ. ಅವರು ಬಂದು ಇನ್ನೊಂದು ತುದಿ ಹಿಡಿದರು. ಇಬ್ಬರೂ ಸೇರಿ ಹಗ್ಗ ಬಿಗಿದೆವು. ಈಗ ನಾವು ಮಾತಾಡುವುದು ಎಡಗೈ, ಬಲಗೈ, ಕಾಲಿನ ವಿಷಯ ಮಾತ್ರ. ಹಬ್ಬಕ್ಕೆ ಅವರ ಮನೆಯಿಂದ ಕರೆ ಬರುತ್ತದೆ. ಗಂಡ ಒಬ್ಬನೇ ಹೋಗಿ ಬರುತ್ತಾನೆ.